ಉತ್ತರ ಕೊಟ್ಟವರ ಋಣ: ಸಮಾಜ ವಿಜ್ಞಾನ ಸಂಶೋಧನಾ ಸಂಸ್ಥೆಗಳ ಧ್ಯೇಯ ಮತ್ತು ಮೌಲ್ಯ



ಈ ಉಪನ್ಯಾಸ ಒಂದು ಕುಟುಂಬ ಸ್ಥಾಪಿಸಿದ ದತ್ತಿಯದು. ಸಮಾಜ ವಿಜ್ಞಾನದ ಅಧ್ಯಯನಕ್ಕೆಂದು ಮನೆಯ ಹಣವನ್ನು ಮೀಸಲಿಡುವ ದಾನಿಗಳು ನಮ್ಮಲ್ಲಿ ಕಡಿಮೆ. ದೇವಸ್ಥಾನಕ್ಕೋ ಛತ್ರಕ್ಕೋ ಆಸ್ಪತ್ರೆಗೋ ಕೊಟ್ಟರೆ ಕೊಟ್ಟದ್ದು ಕಣ್ಣಿಗೆ ಕಾಣುತ್ತದೆ. ಸಂಶೋಧನೆಗೆ ಕೊಟ್ಟದ್ದು ಅಷ್ಟು ಬೇಗ ಕಾಣುವುದಿಲ್ಲ. ಹಾಗಿದ್ದೂ ಕೊಟ್ಟವರ ದೊಡ್ಡ ಮನಸ್ಸಿಗೆ ತಕ್ಕ ವಿಷಯವೊಂದನ್ನು ಇವತ್ತು ಆರಿಸಿಕೊಂಡಿದ್ದೇನೆ. ಲಾಭದ ಉದ್ದೇಶವಿಲ್ಲದ ಸಮಾಜ ವಿಜ್ಞಾನ ಸಂಶೋಧನಾ ಸಂಸ್ಥೆ ಒಂದು ಸಮಾಜಕ್ಕೆ ಯಾಕೆ ಬೇಕು? ಅದು ಯಾವ ಮೌಲ್ಯಗಳನ್ನು ಹಿಡಿದು ನಡೆಯಬೇಕು?

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಸಂಸ್ಥೆಗಳಿಗೆ ಹಣ ಹಲವು ಕಡೆಯಿಂದ ಬರುತ್ತದೆ. ಕೇಂದ್ರದ ಅನುದಾನ, ರಾಜ್ಯದ ಅನುದಾನ, ದತ್ತಿನಿಧಿ, ಯೋಜನೆಗಳ ಹಣ, ಹೀಗೆ. ಕೊಟ್ಟವರಿಗೆಲ್ಲ ಲೆಕ್ಕ ಒಪ್ಪಿಸಲೇಬೇಕು. ಆದರೆ ಸಂಸ್ಥೆಯ ಮೇಲಿರುವ ಎಲ್ಲಕ್ಕಿಂತ ದೊಡ್ಡ ಋಣ, ಅದು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಟ್ಟ ಜನರದು. ಹೊಲದ ಕೆಲಸ ಬಿಟ್ಟು, ಒಲೆಯ ಮುಂದಿನಿಂದ ಎದ್ದು ಬಂದು, ಸಾಲ ಎಷ್ಟಿದೆ, ಎಷ್ಟು ಮಕ್ಕಳು ತೀರಿಕೊಂಡರು, ಯಾರ ಮನೆಯೊಳಗೆ ತಮ್ಮನ್ನು ಬಿಟ್ಟುಕೊಳ್ಳುವುದಿಲ್ಲ ಎಂಬುದನ್ನೆಲ್ಲ ಅಪರಿಚಿತರ ಮುಂದೆ ಹೇಳಿಕೊಂಡವರು ಅವರು. ಅದಕ್ಕೆ ಅವರು ಏನನ್ನೂ ಕೇಳಲಿಲ್ಲ. ಸಂಶೋಧನಾ ಸಂಸ್ಥೆಯ ಪ್ರತಿಯೊಂದು ಮೌಲ್ಯವೂ ಈ ಋಣದಿಂದಲೇ ಹುಟ್ಟುತ್ತದೆ ಎಂಬುದು ನನ್ನ ನಂಬಿಕೆ.

ಕಟ್ಟಿದವರ ಮನಸ್ಸಿನಲ್ಲಿದ್ದದ್ದು

ಈ ಸಂಸ್ಥೆಗಳು ಹುಟ್ಟಿದ ಬಗೆಯನ್ನು ಸ್ವಲ್ಪ ನೋಡೋಣ. ಪುಣೆಯ ಗೋಖಲೆ ರಾಜ್ಯಶಾಸ್ತ್ರ ಮತ್ತು ಅರ್ಥಶಾಸ್ತ್ರ ಸಂಸ್ಥೆ ಶುರುವಾದದ್ದು 1930ರಲ್ಲಿ. ಸಾತಾರೆಯ ಆರ್.ಆರ್. ಕಾಳೆ ಅವರು ಕೊಟ್ಟ ದತ್ತಿಯಿಂದ ಭಾರತ ಸೇವಕ ಸಮಾಜದ ಆಶ್ರಯದಲ್ಲಿ ಅದು ತಲೆಯೆತ್ತಿತು. ಡಿ.ಆರ್. ಗಾಡ್ಗೀಳರು ಅದರ ಮೊದಲ ನಿರ್ದೇಶಕರು. ಪರಕೀಯರ ಆಡಳಿತವಿದ್ದ ಕಾಲದಲ್ಲೇ ಅವರು ಪುಣೆ ನಗರದ ಮನೆಮನೆಗಳ ಸಾಮಾಜಿಕ–ಆರ್ಥಿಕ ಸಮೀಕ್ಷೆ ಮಾಡಿಸಿದರು. ಯಾರು ಎಷ್ಟು ದುಡಿಯುತ್ತಾರೆ, ಏನು ತಿನ್ನುತ್ತಾರೆ, ಎಲ್ಲಿ ವಾಸಿಸುತ್ತಾರೆ ಎಂಬುದನ್ನು ನಾವೇ ತಿಳಿದುಕೊಳ್ಳಬೇಕು ಎಂಬ ಹಟ ಅದರ ಹಿಂದಿತ್ತು. ಯುನೆಸ್ಕೋದಲ್ಲಿ ಉನ್ನತ ಹುದ್ದೆಯಲ್ಲಿದ್ದು ಮರಳಿದ ಮಾಲ್ಕಂ ಆದಿಶೇಷಯ್ಯನವರು 1971ರಲ್ಲಿ ತಮ್ಮ ಸ್ವಂತ ಉಳಿತಾಯದ ಹಣ ಹಾಕಿ ಪತ್ನಿ ಎಲಿಜಬೆತ್ ಅವರೊಂದಿಗೆ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯನ್ನು ಕಟ್ಟಿದರು.

ನಮ್ಮ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಎಲ್ಲರೂ ಐಸೆಕ್ ಎಂದು ಕರೆಯುವುದು, 1972ರಲ್ಲಿ ಸ್ಥಾಪನೆಯಾಯಿತು. ಕಟ್ಟಿದವರು ಡಾ. ವಿ.ಕೆ.ಆರ್.ವಿ. ರಾವ್. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸನ್ನೂ ಇನ್‌ಸ್ಟಿಟ್ಯೂಟ್ ಆಫ್ ಎಕನಾಮಿಕ್ ಗ್ರೋತನ್ನೂ ಅದಕ್ಕೂ ಮೊದಲು ಕಟ್ಟಿ ನಿಲ್ಲಿಸಿದ್ದವರು. ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿ ಕೇಂದ್ರದಲ್ಲಿ ಮಂತ್ರಿಯೂ ಆಗಿದ್ದವರು. ತರುಣರಾಗಿದ್ದಾಗ ಅವರು ಕೈ ಹಾಕಿದ್ದು ಬ್ರಿಟಿಷ್ ಭಾರತದ ರಾಷ್ಟ್ರೀಯ ವರಮಾನ ಎಷ್ಟು ಎಂದು ಲೆಕ್ಕ ಹಾಕುವ ಕೆಲಸಕ್ಕೆ. ಈ ದೇಶದ ಸಾಮಾನ್ಯ ಮನುಷ್ಯನ ವರಮಾನಕ್ಕೆ ಆಗ ನೆಚ್ಚಬಹುದಾದ ಲೆಕ್ಕವೇ ಇರಲಿಲ್ಲ. ಹಾಲು ಎಷ್ಟು ಕರೆಯುತ್ತಾರೆ, ಕಸುಬುದಾರರು ಎಷ್ಟು ಸಂಪಾದಿಸುತ್ತಾರೆ ಎಂಬಂಥ ವಿವರಗಳನ್ನು ಬಿಡಿಬಿಡಿಯಾಗಿ ಕೂಡಿಹಾಕಿ ದೇಶದ ವರಮಾನವನ್ನು ಅಳೆಯಬೇಕಾಗಿತ್ತು. ಸಮಾಜ ವಿಜ್ಞಾನಕ್ಕೆ ಸ್ವಂತ ನೆಲೆ ಬೇಕೆಂಬ ಅವರ ಆಗ್ರಹಕ್ಕೆ ಈ ಅನುಭವವೂ ಒಂದು ಬೇರು ಎಂದುಕೊಂಡಿದ್ದೇನೆ. 1969ರಲ್ಲಿ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ ರೂಪುಗೊಂಡಾಗ ಗಾಡ್ಗೀಳರೇ ಅದರ ಮೊದಲ ಅಧ್ಯಕ್ಷರಾದರು, ಜೆ.ಪಿ. ನಾಯಕರು ಸದಸ್ಯ ಕಾರ್ಯದರ್ಶಿ. ಇವತ್ತು ದೇಶದ 20ಕ್ಕೂ ಹೆಚ್ಚು ಸಂಸ್ಥೆಗಳು ಆ ಮಂಡಳಿಯ ನೆರವಿನಲ್ಲಿ ನಡೆಯುತ್ತಿವೆ.

ಇದೆಲ್ಲ ವಿಶ್ವವಿದ್ಯಾಲಯದಲ್ಲೇ ಆಗಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಪಾಠ, ಪರೀಕ್ಷೆ, ಮೌಲ್ಯಮಾಪನಗಳ ನಡುವೆ ಅಧ್ಯಾಪಕರಿಗೆ ಹಳ್ಳಿಯಲ್ಲಿ ವರ್ಷಗಟ್ಟಲೆ ಕೂರಲು ಬಿಡುವೆಲ್ಲಿದೆ? ಸರ್ಕಾರದ ಇಲಾಖೆ ತನ್ನ ಯೋಜನೆಯನ್ನು ತಾನೇ ಅಳೆಯಹೊರಟರೆ ಫಲಿತಾಂಶ ಏನೆಂದು ಮೊದಲೇ ಊಹಿಸಬಹುದು. ಸಲಹಾ ಕಂಪನಿ ಮಾಡಿದರೆ ವರದಿ ಹಣ ಕೊಟ್ಟವರ ಸ್ವತ್ತು. ಈ ಮೂರರ ಕೈಗೂ ಸಿಗದ ಕೆಲಸವೊಂದಿದೆ. ಬಿಡುವಾಗಿ ನೋಡುವುದು, ನೋಡಿದ್ದನ್ನು ಅಂಜದೆ ಹೇಳುವುದು, ಹೇಳಿದ್ದನ್ನು ಎಲ್ಲರ ಮುಂದೆ ಇಡುವುದು. ಅದಕ್ಕಾಗಿಯೇ ಬೇರೆಯ ಸಂಸ್ಥೆ ಬೇಕಾಯಿತು.

ಪ್ರಶ್ನೆಯನ್ನೇ ಪ್ರಶ್ನಿಸುವುದು

ಹಿಂದೊಮ್ಮೆ ಶಿರಾ ಕಡೆಯ ಹಳ್ಳಿಯೊಂದರಲ್ಲಿ ಸಮೀಕ್ಷೆಯ ಹುಡುಗಿಯ ಜೊತೆ ಜಗಲಿಯ ಮೇಲೆ ಕುಳಿತಿದ್ದೆ. ಎದುರಿಗೆ ಮನೆಯ ಹೆಣ್ಣುಮಗಳು ಹುಣಸೆಹಣ್ಣಿನ ರಾಶಿ ಹಾಕಿಕೊಂಡು ಓಡು ತೆಗೆದು, ನಾರು ಬಿಡಿಸಿ, ಬೀಜ ಕುಟ್ಟಿ ಬೇರೆ ಮಾಡುತ್ತಿದ್ದರು. ಬೆರಳ ತುದಿಗಳೆಲ್ಲ ಹುಳಿಗೆ ಒಡೆದಿದ್ದವು. ಹುಡುಗಿ ಪ್ರಶ್ನಾವಳಿಯಲ್ಲಿದ್ದಂತೆ ಕೇಳಿದಳು: “ಅಕ್ಕ, ನೀವು ಏನ್ ಕೆಲಸ ಮಾಡ್ತೀರ?”

“ಏನೂ ಇಲ್ಲ ಕಣಮ್ಮ, ಮನೇಲೇ ಇರ್ತೀನಿ.”

ಹುಡುಗಿ ‘ಮನೆಗೆಲಸ’ ಎಂದು ಗುರುತು ಹಾಕಹೊರಟವಳು ಕೈ ತಡೆದು ಇನ್ನೊಂದು ಮಾತು ಕೇಳಿದಳು: “ಈ ಹಣ್ಣು ಯಾರ್ದಕ್ಕ?”

“ಸಾವ್ಕಾರ್ರದ್ದು. ಕೇಜಿಗಿಷ್ಟು ಅಂತ ಕೊಡ್ತಾರೆ.”

ಒಂದೇ ಒಂದು ಮರುಪ್ರಶ್ನೆಯಿಂದ, ‘ದುಡಿಯದವರು’ ಎಂಬ ಪಟ್ಟಿಗೆ ಸೇರಲಿದ್ದ ಒಬ್ಬರು ಕೂಲಿಗೆ ದುಡಿಯುವವರ ಪಟ್ಟಿಗೆ ಬಂದರು. ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಮನೆಗೆಲಸ ಮಾತ್ರ ಮಾಡುವವರಿಗೆ 92, ಮನೆಗೆಲಸದ ಜೊತೆಗೆ ಸೌದೆ–ಮೇವು ತರುವುದು, ಮನೆಬಳಕೆಗೆ ಹೊಲಿಗೆ–ನೇಯ್ಗೆ ಮಾಡುವವರಿಗೆ 93 ಎಂಬ ಸಂಕೇತವಿದೆ. ಎರಡೂ ದುಡಿಯುವ ವರ್ಗದ ಲೆಕ್ಕಕ್ಕೆ ಬರುವುದಿಲ್ಲ. ಅವಸರದ ಕೈ ಎಷ್ಟು ಜನರನ್ನು ಈ ಎರಡು ಅಂಕಿಗಳ ಹಿಂದೆ ಮರೆಮಾಡಬಲ್ಲದು ಎಂದು ಯೋಚಿಸಿ. ಲೆಕ್ಕಕ್ಕೆ ಬಾರದವರಿಗೆ ಕನಿಷ್ಠ ಕೂಲಿಯಿಲ್ಲ, ಕಾರ್ಮಿಕ ಕಾರ್ಡಿಲ್ಲ, ವಿಮೆಯಿಲ್ಲ.

ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಅವರು 1970ರ ದಶಕದಲ್ಲಿ ಹಿಡಿದ ದಾರಿ ಇಲ್ಲಿ ನೆನಪಿಸಿಕೊಳ್ಳಬೇಕಾದ್ದು. ‘ನೀವು ಏನು ಕೆಲಸ ಮಾಡುತ್ತೀರಿ’ ಎಂದು ಕೇಳುವುದರ ಬದಲು, ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಹೆಂಗಸರು, ಗಂಡಸರು, ಮಕ್ಕಳು ಯಾವ ಹೊತ್ತಿನಲ್ಲಿ ಏನು ಮಾಡುತ್ತಾರೆ ಎಂದು ಕೂತು ನೋಡಿ ಬರೆಸಿದರು. ಸರ್ಕಾರಿ ಲೆಕ್ಕ ಹೇಳಿದ್ದಕ್ಕಿಂತ ಹೆಚ್ಚು ಹೆಂಗಸರು ದುಡಿಯುತ್ತಿದ್ದರು. ಇಡೀ ದೇಶದಲ್ಲಿ ಸಮಯ ಬಳಕೆಯ ಸಮೀಕ್ಷೆಯನ್ನು ಸರ್ಕಾರವೇ ನಡೆಸಿದ್ದು 2019ರಲ್ಲಿ. ಸ್ವತಂತ್ರ ಸಂಶೋಧಕರು ಸಣ್ಣ ಪ್ರಮಾಣದಲ್ಲಿ ಮಾಡಿ ತೋರಿಸಿದ್ದು ದೇಶದ ಲೆಕ್ಕದ ಪದ್ಧತಿಗೆ ಸೇರಲು 40 ವರ್ಷ ಹಿಡಿಯಿತು. ಆದರೂ ಸೇರಿತು.

ಸಂಸ್ಥೆಯ ಮೊದಲನೆಯ ಮೌಲ್ಯ ಇದು: ಉತ್ತರ ಸರಿಯಿಲ್ಲವೆನ್ನಿಸಿದಾಗ ಉತ್ತರ ಕೊಟ್ಟವರನ್ನು ಅನುಮಾನಿಸುವ ಮುಂಚೆ ತನ್ನ ಪ್ರಶ್ನೆಯನ್ನು ತಿದ್ದಿಕೊಳ್ಳುವುದು. ಹಾಗೆಯೇ, ಜಗಲಿಯ ಮೇಲೆ ಕುಳಿತು ಮರುಪ್ರಶ್ನೆ ಕೇಳುವ ಆ ಹುಡುಗ–ಹುಡುಗಿಯರನ್ನು ಸಂಶೋಧಕರೆಂದೇ ಕಾಣುವುದು. ಫಾರಂ ಒಂದಕ್ಕೆ ಇಷ್ಟು ಎಂದು ದುಡ್ಡು ಕೊಟ್ಟರೆ ಫಾರಂಗಳು ತುಂಬುತ್ತವೆ, ನಿಜ ಮಾತ್ರ ಹೊರಗೇ ಉಳಿಯುತ್ತದೆ.

ನಂಬಿ ಹೇಳಿದ ಮಾತು

ಎರಡನೆಯ ಮೌಲ್ಯ ನಂಬಿ ಹೇಳಿದ ಮಾತನ್ನು ಕಾಪಾಡುವುದು. ಅದಕ್ಕೆ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಬಳಿ ಹೋಗೋಣ. ಪುಸ್ತಕದಲ್ಲಿರುವ ಭಾರತವೇ ಬೇರೆ, ಊರಿನಲ್ಲಿ ನಿಂತು ಕಂಡ ಭಾರತವೇ ಬೇರೆ ಎಂದು ಜೀವನವಿಡೀ ಪ್ರತಿಪಾದಿಸಿದವರು ಅವರು. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಹೋಗಿ ನೆಲೆಸಿ, ಬೇಸಾಯ, ಜಗಳ, ಮದುವೆ, ನ್ಯಾಯ ಪಂಚಾಯ್ತಿಗಳನ್ನೆಲ್ಲ ಬರೆದುಕೊಂಡರು. ಪ್ರಬಲ ಜಾತಿ, ವೋಟ್ ಬ್ಯಾಂಕ್ ಎಂದು ಇವತ್ತು ಪತ್ರಿಕೆಗಳು ದಿನಬೆಳಗಾದರೆ ಬರೆಯುವ ಕಲ್ಪನೆಗಳಿಗೆ ಆ ಊರಿನ ಚಾವಡಿಯಲ್ಲಿ ಕಂಡದ್ದೇ ಆಧಾರ.

1970ರ ಏಪ್ರಿಲ್‌ನಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಅಧ್ಯಯನ ಕೇಂದ್ರದಲ್ಲಿ ಕುಳಿತು ಬರೆಯುತ್ತಿದ್ದಾಗ ದುಷ್ಕರ್ಮಿಗಳು ಕಟ್ಟಡಕ್ಕೆ ಬೆಂಕಿ ಇಟ್ಟರು. ವರ್ಷಾನುಗಟ್ಟಲೆ ವಿಂಗಡಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಶ್ರೀನಿವಾಸರು ನೆನಪಿನಿಂದಲೇ ಆ ಊರನ್ನು ಬರೆಯಲು ಕುಳಿತರು. 1972ರಲ್ಲಿ ಬೆಂಗಳೂರಿಗೆ ಬಂದು ರಾವ್ ಅವರ ಜೊತೆ ಐಸೆಕ್‌ನ ಜಂಟಿ ನಿರ್ದೇಶಕರಾದರು. ‘ದಿ ರಿಮೆಂಬರ್ಡ್ ವಿಲೇಜ್’ ಹೊರಬಂದದ್ದು 1976ರಲ್ಲಿ. ಕಾಗದ ಸುಟ್ಟರೂ ಊರು ಅವರೊಳಗೆ ಉಳಿದಿತ್ತೆಂದರೆ, ಅವರು ಜನರ ಜೊತೆ ಬಾಳಿದ್ದರು ಎಂದೇ ಅರ್ಥ. ಮನೆಗೆ ಅರ್ಧ ಗಂಟೆಯಂತೆ ಸುತ್ತಿ ಬಂದವರ ಕಾಗದ ಸುಟ್ಟಿದ್ದರೆ ಏನೂ ಉಳಿಯುತ್ತಿರಲಿಲ್ಲ.

ಆ ಪುಸ್ತಕದಲ್ಲಿ ಊರಿನ ಹೆಸರು ರಾಂಪುರ. ಅದು ಅವರು ಇಟ್ಟ ಹೆಸರು. ಊರಿನ ಒಳಗುಟ್ಟುಗಳನ್ನು ನಂಬಿ ಹೇಳಿದವರಿಗೆ ನಾಳೆ ತೊಂದರೆಯಾಗಬಾರದು ಎಂಬ ಎಚ್ಚರ ಅದರಲ್ಲಿದೆ. ಇವತ್ತು ಆ ಎಚ್ಚರ ಇನ್ನೂ ಹೆಚ್ಚು ಬೇಕು. ಒಂದು ಟ್ಯಾಬ್‌ನಲ್ಲಿ ಮನೆಯ ಫೋಟೊ, ಫೋನ್ ನಂಬರು, ಜಾತಿ, ಸಾಲ, ಕಾಯಿಲೆ ಎಲ್ಲವೂ ಒಟ್ಟಿಗೆ ತುಂಬುತ್ತವೆ. ಮನೆಯಿರುವ ಜಾಗ ತಾನಾಗಿ ದಾಖಲಾಗುತ್ತದೆ. ಸಾಲದ ವಿವರ ಸಾಲ ಕೊಟ್ಟವರ ಕೈಗೆ ಸಿಕ್ಕರೆ, ಕಾಯಿಲೆಯ ವಿವರ ನೆರೆಹೊರೆಗೆ ಗೊತ್ತಾದರೆ ಆಗುವ ಹಾನಿಯನ್ನು ಯಾವ ಕ್ಷಮಾಪಣೆಯೂ ತುಂಬಿಕೊಡಲಾರದು. ಉತ್ತರಿಸಲು ಇಷ್ಟವಿಲ್ಲ ಎಂದವರನ್ನು ಬಲವಂತ ಮಾಡದಿರುವುದು, ಯಾಕೆ ಕೇಳುತ್ತಿದ್ದೇವೆಂದು ಅವರ ಭಾಷೆಯಲ್ಲಿ ತಿಳಿಸಿ ಹೇಳುವುದು, ಹೆಸರನ್ನು ವಿವರದಿಂದ ಬೇರ್ಪಡಿಸಿ ಇಡುವುದು, ಇವೆಲ್ಲ ಸಂಸ್ಥೆಯ ಮರ್ಯಾದೆಯ ಪ್ರಶ್ನೆ.

ತಾಳ್ಮೆಯ ಅಧ್ಯಯನ

ಮೂರನೆಯ ಮೌಲ್ಯ ತಾಳ್ಮೆ. ಮಂಡ್ಯ ಸೀಮೆಯ ಎರಡು ಹಳ್ಳಿಗಳ ಕತೆ ಇದಕ್ಕೆ ಒಳ್ಳೆಯ ಸಾಕ್ಷಿ. ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಮಾನವಶಾಸ್ತ್ರಜ್ಞೆ 1954ರಲ್ಲಿ ಅಲ್ಲಿಗೆ ಬಂದರು. ಅವರು ವಾಂಗಲ ಎಂದು ಕರೆದ ಊರಿಗೆ ನಾಲೆ ನೀರು ಬಂದಿತ್ತು, ಕಬ್ಬು ಬಂದಿತ್ತು. ದಾಲೇನ ಎಂದು ಕರೆದ ಇನ್ನೊಂದು ಊರು ಎತ್ತರದಲ್ಲಿತ್ತು, ನಾಲೆ ನೀರು ಅಲ್ಲಿಗೆ ಹತ್ತಲಿಲ್ಲ. ಮೇಲುನೋಟಕ್ಕೆ ಬದಲಾದದ್ದು ನೀರು ಕಂಡ ಊರು. ಆದರೆ ಅವರು ಕಂಡದ್ದು ಬೇರೆ. ವಾಂಗಲದವರು ಬೇಸಾಯದಲ್ಲೇ ಉಳಿದು ಸಂಪತ್ತು ಮಾಡಿಕೊಂಡರು. ಒಕ್ಕಲು–ಆಳುಗಳ ಹಳೆಯ ಸಂಬಂಧಗಳು ಹೆಚ್ಚುಕಡಿಮೆ ಹಾಗೇ ನಡೆದವು. ಒಣಭೂಮಿಯ ದಾಲೇನದವರು ಮಂಡ್ಯದ ಕಾರ್ಖಾನೆ, ಕಚೇರಿ, ವ್ಯಾಪಾರಗಳತ್ತ ಹೊರಟರು. ಅಲ್ಲಿ ಹಳೆಯ ಸಂಬಂಧಗಳೇ ಸಡಿಲಗೊಂಡವು. ಅವರ ಪುಸ್ತಕ 1962ರಲ್ಲಿ ಬಂತು. 1970ರಲ್ಲಿ ಮತ್ತೆ ಅದೇ ಊರುಗಳಿಗೆ ಮರಳಿ, ಆಮೇಲೇನಾಯಿತು ಎಂದು ನೋಡಿ 1973ರಲ್ಲಿ ಇನ್ನೊಂದು ಪುಸ್ತಕ ಬರೆದರು. ಒಂದೇ ಊರನ್ನು ಹದಿನೈದು ವರ್ಷ ಬಿಟ್ಟು ಮತ್ತೆ ನೋಡಿದರಷ್ಟೇ ಗೊತ್ತಾಗುವ ಸಂಗತಿಗಳಿವೆ.

ಇವತ್ತು ಇಂಥ ಅಧ್ಯಯನಕ್ಕೆ ಹಣ ಹೊಂದಿಸುವುದು ಬಲು ಕಷ್ಟ. ಅನುದಾನ ಸಂಬಳ–ಪಿಂಚಣಿಗೇ ಸರಿಹೋಗುತ್ತದೆ. ಉಳಿದ ಖರ್ಚಿಗೆ ಸಂಸ್ಥೆಗಳು ಯೋಜನೆಗಳ ಹಿಂದೆ ಓಡಬೇಕು. ಮೂರು ತಿಂಗಳಲ್ಲಿ ಮೌಲ್ಯಮಾಪನ, ಆರು ತಿಂಗಳಲ್ಲಿ ವರದಿ, ಮಾರ್ಚ್ ಮುಗಿಯುವುದರೊಳಗೆ ಬಳಕೆ ಪ್ರಮಾಣಪತ್ರ. ಹೀಗೆ ಓಡುವ ಸಂಸ್ಥೆಗೆ ತನ್ನದೇ ಪ್ರಶ್ನೆ ಎಂಬುದು ಉಳಿಯುವುದಿಲ್ಲ. ಬೇರೆಯವರ ಪ್ರಶ್ನೆಗೆ ಉತ್ತರ ತಂದುಕೊಡುವುದೇ ಕೆಲಸವಾಗುತ್ತದೆ. ದತ್ತಿನಿಧಿಯ ಬೆಲೆ ತಿಳಿಯುವುದು ಇಲ್ಲಿಯೇ. ಯಾವ ಗಡುವೂ ಇಲ್ಲದ, ಯಾವ ಫಲಿತಾಂಶವನ್ನೂ ಮೊದಲೇ ಬಯಸದ ಹಣ ಸಂಸ್ಥೆಗೆ ಸ್ವಾತಂತ್ರ್ಯ ಕೊಡುತ್ತದೆ. ಕಾಳೆ, ಆದಿಶೇಷಯ್ಯನಂಥವರು ಕೊಟ್ಟದ್ದು ಅಂಥ ಸ್ವಾತಂತ್ರ್ಯವನ್ನು.

ಬಚ್ಚಿಡದ ಲೆಕ್ಕ

ನಾಲ್ಕನೆಯದು ಮುಕ್ತತೆ. 2017–18ರಲ್ಲಿ ದೇಶದಾದ್ಯಂತ ಕುಟುಂಬಗಳ ವೆಚ್ಚದ ಸಮೀಕ್ಷೆ ನಡೆಯಿತು. ದತ್ತಾಂಶದ ಗುಣಮಟ್ಟ ಸರಿಯಿಲ್ಲವೆಂದು ಕೇಂದ್ರ ಸರ್ಕಾರ 2019ರ ನವೆಂಬರ್‌ನಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸುವುದಿಲ್ಲ ಎಂದಿತು. 2011–12ರ ಸಮೀಕ್ಷೆಯ ನಂತರ ದೇಶಕ್ಕೆ ಸಿಕ್ಕಿದ ಇಂಥ ಮುಂದಿನ ಸಮೀಕ್ಷೆ 2022–23ರದು. ನಡುವಿನ ಹತ್ತು ವರ್ಷ, ಅದರಲ್ಲೂ ಕೊರೊನಾ ಬಂದ ವರ್ಷಗಳಲ್ಲಿ, ಬಡತನ ಏರಿತೋ ಇಳಿಯಿತೋ ಎಂದು ವಿದ್ವಾಂಸರು ಬೇರೆ ಬೇರೆ ದಾರಿಗಳಿಂದ ಅಂದಾಜು ಮಾಡಬೇಕಾಯಿತು. ನಮ್ಮ ರಾಜ್ಯದಲ್ಲಿ 2015ರಲ್ಲಿ ಶಿಕ್ಷಕರು ಬಿಸಿಲಲ್ಲಿ ಮನೆಮನೆ ತಿರುಗಿ ಸಾಮಾಜಿಕ–ಶೈಕ್ಷಣಿಕ ಸಮೀಕ್ಷೆಯ ಮಾಹಿತಿ ತಂದರು. ಅದರ ವರದಿ ಸರ್ಕಾರದ ಕೈ ಸೇರಿದ್ದು 2024ರ ಫೆಬ್ರವರಿಯಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಸಮೀಕ್ಷೆಯೇ ಶುರುವಾಯಿತು. ಈ ತೀರ್ಮಾನಗಳ ಸರಿ–ತಪ್ಪಿನ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ಉತ್ತರ ಕೊಟ್ಟ ಕೋಟ್ಯಂತರ ಜನ ವರ್ಷಾನುಗಟ್ಟಲೆ ಕಾದರು ಎಂಬುದರಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ.

ಲೆಕ್ಕವನ್ನು ಬಯಲಲ್ಲಿ ಇಟ್ಟರೆ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲೇ ಉದಾಹರಣೆಯಿದೆ. ಧಾರವಾಡದಲ್ಲಿ ಅರ್ಥಶಾಸ್ತ್ರ ಕಲಿಸಿದ್ದ ಡಿ.ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಸಮಿತಿ 2002ರಲ್ಲಿ ಪ್ರಾದೇಶಿಕ ಅಸಮತೋಲನದ ವರದಿ ಕೊಟ್ಟಿತು. ನೇಮಿಸಿದ್ದು ಸರ್ಕಾರವೇ. ಆದರೆ 35 ಸೂಚಕಗಳಿಂದ ತಾಲ್ಲೂಕು ತಾಲ್ಲೂಕನ್ನೂ ಅಳೆದು ಹೆಸರು ಹಿಡಿದು ಹೇಳಿತು. 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಗುಲ್ಬರ್ಗ ವಿಭಾಗದಲ್ಲೇ ಇದ್ದವು. ಅದೇ ವರದಿ, ಹಿಂದುಳಿದ 114ರಲ್ಲಿ 55 ತಾಲ್ಲೂಕು ದಕ್ಷಿಣದಲ್ಲೂ ಇವೆ ಎಂದು ತೋರಿಸಿತು. ‘ನಮ್ಮ ಕಡೆ ಅನ್ಯಾಯವಾಗಿದೆ’ ಎಂಬ ಅಸ್ಪಷ್ಟ ನೋವಿಗೆ ತಾಲ್ಲೂಕುವಾರು ಅಂಕಿಗಳ ಬಲ ಬಂತು. ಎರಡು ದಶಕ ಕಳೆದರೂ ವಿಧಾನಸಭೆಯಲ್ಲಿ, ಹೋರಾಟಗಾರರ ಕರಪತ್ರಗಳಲ್ಲಿ, ಪತ್ರಿಕೆಗಳ ಸಂಪಾದಕೀಯಗಳಲ್ಲಿ ಆ ವರದಿಯ ಹೆಸರು ಕೇಳುತ್ತಲೇ ಇದೆ. ಒಪ್ಪದವರೂ ಅದೇ ಅಂಕಿ ಹಿಡಿದು ವಾದಿಸಬೇಕು. ತನ್ನ ದತ್ತಾಂಶ, ವಿಧಾನ, ಮಿತಿ ಮೂರನ್ನೂ ಎಲ್ಲರ ಕೈಗೆ ಕೊಟ್ಟು, ತಪ್ಪಿದ್ದರೆ ತೋರಿಸಿ ಎನ್ನುವ ಸಂಸ್ಥೆಗೆ ಮಾತ್ರ ಅಂಥ ಬಾಳಿಕೆ ಬರುತ್ತದೆ.

ಹೀಗೆ ಬಯಲಲ್ಲಿ ಹೇಳಲು ಸಂಸ್ಥೆಗೆ ಸ್ವಾಯತ್ತತೆ ಬೇಕು. ಸ್ವಾಯತ್ತತೆ ಎಂದರೆ ಸರ್ಕಾರವನ್ನು ಸದಾ ವಿರೋಧಿಸುವುದಲ್ಲ. ಯೋಜನೆ ಫಲ ಕೊಟ್ಟಿದ್ದರೆ ಕೊಟ್ಟಿದೆ ಎನ್ನಬೇಕು, ಕೊಡದಿದ್ದರೆ ಕೊಟ್ಟಿಲ್ಲ ಎನ್ನಬೇಕು. ಎರಡನ್ನೂ ಒಂದೇ ದನಿಯಲ್ಲಿ ಹೇಳುವ ಧೈರ್ಯವಿರಬೇಕು, ಹೇಳಿದ ತರುಣ ಸಂಶೋಧಕರ ಬೆನ್ನಿಗೆ ನಿರ್ದೇಶಕರು ನಿಲ್ಲಬೇಕು.

ಊರಿಗೆ ಮರಳಬೇಕಾದ ವರದಿ

ಕೊನೆಯ ಮಾತು ನಮ್ಮ ಭಾಷೆಯದು. ಕರ್ನಾಟಕದ ಹಳ್ಳಿಗಳ ಬಗ್ಗೆ ನಡೆದ ಒಳ್ಳೆಯ ಸಂಶೋಧನೆಯ ಬಹುಪಾಲು ಇಂಗ್ಲಿಷಿನಲ್ಲಿದೆ. ಜನ ಕನ್ನಡದಲ್ಲಿ, ತುಳುವಿನಲ್ಲಿ, ಉರ್ದುವಿನಲ್ಲಿ, ಲಂಬಾಣಿಯಲ್ಲಿ ಉತ್ತರ ಹೇಳಿದರು. ಅದು ಇಂಗ್ಲಿಷಿನ ಕೋಷ್ಟಕವಾಗಿ ವಿದ್ವತ್ ಪತ್ರಿಕೆ ಸೇರಿತು. ಉತ್ತರ ಕೊಟ್ಟವರ ಮಕ್ಕಳು ಬಿ.ಎ. ಓದುವಾಗ ತಮ್ಮ ಊರಿನ ಬಗ್ಗೆ ಬರೆದದ್ದು ಅವರಿಗೇ ಸಿಗುವುದಿಲ್ಲ. ಇದನ್ನು ಸರಿಪಡಿಸಲು ದೊಡ್ಡ ಹಣ ಬೇಕಿಲ್ಲ. ಪ್ರತಿ ಅಧ್ಯಯನ ಮುಗಿದ ಮೇಲೆ ಹತ್ತು ಪುಟದ ಕನ್ನಡ ಸಾರಾಂಶ ತರಬಹುದು. ಅಧ್ಯಯನ ನಡೆದ ಊರಿನ ಗ್ರಾಮಸಭೆಯಲ್ಲಿ ಅದನ್ನು ಓದಿ ಹೇಳಬಹುದು, ಒಂದು ಪ್ರತಿಯನ್ನು ಗ್ರಾಮ ಪಂಚಾಯ್ತಿ ಗ್ರಂಥಾಲಯದಲ್ಲಿ ಇಡಬಹುದು. ‘ಇದು ಹೀಗಲ್ಲ, ನೀವು ತಪ್ಪು ತಿಳಿದಿದ್ದೀರಿ’ ಎಂದು ಅಲ್ಲಿ ಎದ್ದು ಹೇಳುವವರು ಸಿಕ್ಕರೆ ಅದಕ್ಕಿಂತ ದೊಡ್ಡ ವಿದ್ವತ್ ಪರಿಶೀಲನೆ ಇನ್ನೊಂದಿಲ್ಲ.

ಈ ವೇದಿಕೆಯಿಂದ ನಾಲ್ಕು ಬೇಡಿಕೆಗಳನ್ನು ಇಡುತ್ತೇನೆ. ಸರ್ಕಾರಗಳು ಸಂಸ್ಥೆಗಳಿಗೆ ಷರತ್ತಿಲ್ಲದ ಮೂಲ ಅನುದಾನವನ್ನು ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸಲಿ. ಸಂಸ್ಥೆಗಳು ತಮ್ಮ ಸಮೀಕ್ಷೆಗಳ ದತ್ತಾಂಶವನ್ನು, ಹೆಸರು–ಗುರುತು ತೆಗೆದು, ಇಂತಿಷ್ಟು ವರ್ಷದೊಳಗೆ ಸಾರ್ವಜನಿಕಗೊಳಿಸುವ ನಿಯಮ ಮಾಡಿಕೊಳ್ಳಲಿ. ಸಮೀಕ್ಷಕರಿಗೆ ತಕ್ಕ ಸಂಬಳ ಸಿಗಲಿ, ವರದಿಯಲ್ಲಿ ಅವರ ಹೆಸರು ಇರಲಿ. ಕನ್ನಡದ ಆವೃತ್ತಿಯಿಲ್ಲದೆ ಯಾವ ಅಧ್ಯಯನವೂ ಮುಗಿದಂತೆ ಲೆಕ್ಕವಲ್ಲ ಎಂಬ ರೂಢಿ ಬರಲಿ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರಾದರೂ ಈ ಕ್ಷೇತ್ರಕ್ಕೆ ಬರುತ್ತೀರಿ. ಕಂಪನಿಗಳಲ್ಲಿ ಸಿಗುವ ಸಂಬಳ ಇಲ್ಲಿ ಸಿಗಲಾರದು. ಆದರೆ ಒಂದು ಕಾಲದ ಜನಜೀವನವನ್ನು ನಿಜವಾಗಿ ದಾಖಲಿಸಿದವರು ನೀವಾಗುತ್ತೀರಿ. ಕಾನೂನು ಬರೆಯುವವರು, ಬಜೆಟ್ ಮಂಡಿಸುವವರು, ನ್ಯಾಯ ತೀರ್ಮಾನ ಕೊಡುವವರು ನಾಳೆ ನಿಮ್ಮ ಪುಟಗಳನ್ನು ತೆರೆದು ನೋಡುತ್ತಾರೆ. ಆ ಪುಟದಲ್ಲಿ ಬಡವರೊಬ್ಬರ ಮಾತು ಅವರು ಹೇಳಿದಂತೆಯೇ ಇದ್ದರೆ, ವಿಧಾನಸೌಧಕ್ಕೆ ಎಂದೂ ಕಾಲಿಡದವರ ಮಾತು ಅಲ್ಲಿಗೆ ತಲುಪಿದಂತಾಗುತ್ತದೆ. ಲಾಭಕ್ಕಲ್ಲದ ಸಂಶೋಧನೆಯಿಂದ ಒಂದು ಪ್ರಜಾಪ್ರಭುತ್ವ ಬಯಸಬೇಕಾದ ಲಾಭ ಇದೇ. ಅದನ್ನು ಉಳಿಸಿಕೊಳ್ಳುವ ಹೊಣೆ ಸಂಶೋಧಕರದಷ್ಟೇ ಅಲ್ಲ, ನಮ್ಮೆಲ್ಲರದೂ ಹೌದು.